ಉಗ್ರಾಣದ ಅಂಗಡಿ

“ಇಲ್ಲಿ ಊಟ ಚೆನ್ನಾಗಿರುತ್ತಾ?”

“ಹೌದು.”

“ಕರೆದ ತಕ್ಷಣ ನರ್ಸ್ ಬರ್ತಾರಾ?”

“ಹೌದು.”

ಉಪನ್ಯಾಸಕಿ ಎರಡೂ ಪ್ರಶ್ನೆಗಳ ಮುಂದೆ ಗುರುತು ಹಾಕಿಕೊಂಡಳು. ಬೆಳಗಿನಿಂದ ಮಾತಾಡಿಸಿದ ರೋಗಿಗಳಲ್ಲಿ ಇಷ್ಟು ಚುರುಕಾಗಿ ಉತ್ತರ ಕೊಟ್ಟವನು ಇವನೊಬ್ಬನೇ. ಅಗಲ ಎದೆಯ, ದಪ್ಪ ಮೀಸೆಯ ಮನುಷ್ಯ, ದಿಂಬಿಗೆ ಒರಗಿ ಕೂತಿದ್ದ. ಬಲಗೈ ಮಾತ್ರ ಬೇರೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿತ್ತು. ಪ್ರಶ್ನಾವಳಿಯ ಎರಡನೆಯ ಹಾಳೆಯಲ್ಲಿ ಅವೇ ಪ್ರಶ್ನೆಗಳನ್ನು ಬೇಕೆಂದೇ ತಿರುಗಿಸಿ ಕೇಳಲಾಗಿತ್ತು. ಉತ್ತರಿಸುವವರು ಗಮನವಿಟ್ಟು ಕೇಳುತ್ತಿದ್ದಾರೋ ಇಲ್ಲವೋ ತಿಳಿಯಲು ಇಂಥ ಪ್ರಶ್ನೆಗಳು ಇರಬೇಕೆಂದು ಅವಳೇ ತರಗತಿಯಲ್ಲಿ ಪಾಠ ಹೇಳುತ್ತಿದ್ದಳು.

“ಇಲ್ಲಿನ ಊಟ ಬಾಯಿಗೆ ಇಡೋ ಹಾಗಿಲ್ಲ, ಅಲ್ವಾ?”

“ಹೌದು.”

“ನರ್ಸ್ ಕರೆದರೂ ಬರೋದಿಲ್ಲ?”

“ಹೌದು,” ಎಂದ ಆತ, ಅದೇ ಗಟ್ಟಿ ಧ್ವನಿಯಲ್ಲಿ. ಹೇಳಿದ ಮರುಕ್ಷಣ ಹುಬ್ಬು ಗಂಟಿಕ್ಕಿತು. ಎಡಗೈ ಎತ್ತಿ ಗಾಳಿಯಲ್ಲಿ ಏನನ್ನೋ ಅಳಿಸುವಂತೆ ಬೀಸಿದ. ಅಳಿಸಿ ಮತ್ತೆ “ಹೌದು, ಹೌದು” ಎಂದ. ಬಾಯಿಂದ ಬಂದದ್ದನ್ನು ಕೇಳಿ ಕಣ್ಣು ಮುಚ್ಚಿಕೊಂಡ.

ಕಿಟಕಿಯ ಬಳಿ ಟವೆಲ್ ಹಿಂಡುತ್ತಿದ್ದ ಹೆಂಡತಿ ಇತ್ತ ತಿರುಗಿದಳು. “ಅವರಿಗೆ ಉಳಿದಿರೋದು ಅದೊಂದೇ ಮಾತು ಮೇಡಂ. ಮದುವೆ ಆದಾಗಿನಿಂದ ನಾನು ಹೇಳಿದ ಒಂದಕ್ಕಾದರೂ ಹೌದು ಅಂದೋರಲ್ಲ. ಈಗ ನೋಡಿ, ಏನು ಕೇಳಿದರೂ ಹೌದು.” ನಗಲು ಹೋದಳು. ನಗು ಅರ್ಧದಲ್ಲೇ ನಿಂತಿತು.

ಆತ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಬೆಳಗಿನ ಜಾವ ಮೂಟೆಗಳ ಮೇಲೆ ಹತ್ತಿ ನಿಂತು ಕೂಗಿದರೆ ಮಾರುಕಟ್ಟೆಯ ಆಚೆ ಬಾಗಿಲವರೆಗೆ ದನಿ ಹೋಗುತ್ತಿತ್ತಂತೆ. ಒಂದು ದಿನ ಬೆಲೆ ಏರುತ್ತಿದ್ದ ಹೊತ್ತಿಗೇ ಲಕ್ವ ಹೊಡೆದು, ಎಲೆಕೋಸಿನ ಮೂಟೆಗಳ ಮಧ್ಯೆ ಕುಸಿದಿದ್ದ. ಕಾಲು ತಕ್ಕಮಟ್ಟಿಗೆ ಚೇತರಿಸಿಕೊಂಡಿತ್ತು. ಮಾತು ಮಾತ್ರ ವಾಪಸಾಗಿರಲಿಲ್ಲ.

ಉಪನ್ಯಾಸಕಿ ಆ ಎರಡು ಹಾಳೆಗಳ ಮೇಲೆ ಅಡ್ಡಗೆರೆ ಎಳೆದು ಎದ್ದಳು.

ಅವಳು ಕಾಲೇಜಿನಲ್ಲಿ ಮನಃಶಾಸ್ತ್ರದ ಸಂಶೋಧನಾ ವಿಧಾನಗಳನ್ನು ಕಲಿಸುತ್ತಿದ್ದಳು. ಪ್ರತಿ ವರ್ಷವೂ ಬೋರ್ಡಿನ ಮೇಲೆ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ ಎಂದು ಬರೆದು, ಸಮೀಕ್ಷೆ, ಸಂದರ್ಶನ, ವೀಕ್ಷಣೆ, ವ್ಯಕ್ತಿ ಅಧ್ಯಯನ, ಪ್ರಯೋಗ ಎಂದು ಒಂದೊಂದಾಗಿ ತುಂಬಿಸುತ್ತ ಹೋಗುವುದು ಅವಳ ಕೆಲಸ. ಮಕ್ಕಳು ಅದನ್ನು ಹಾಗೇ ಬರೆದುಕೊಂಡು, ಹಾಗೇ ಪರೀಕ್ಷೆಯಲ್ಲಿ ಬರೆದು, ಹಾಗೇ ಮರೆತುಬಿಡುತ್ತಿದ್ದರು. ತಾನು ಸ್ವತಃ ಒಂದು ಪ್ರಯೋಗವನ್ನೂ ಮಾಡಿಲ್ಲವೆನ್ನುವುದು ಅವಳಿಗೆ ಆಗಾಗ ಹಲ್ಲಿನ ಸಂದಿಯ ಚೂರಿನಂತೆ ತಾಗುತ್ತಿತ್ತು. ಆಸ್ಪತ್ರೆಯವರು ರೋಗಿಗಳ ಅಭಿಪ್ರಾಯ ತಿಳಿದು ವರದಿ ಕೊಡಲು ಯಾರನ್ನಾದರೂ ಕಳಿಸಿ ಎಂದು ಕಾಲೇಜಿಗೆ ಕೇಳಿದಾಗ, ಬೇರೆ ಯಾರೂ ಕೈ ಎತ್ತದ್ದರಿಂದ ಅವಳು ಒಪ್ಪಿಕೊಂಡಿದ್ದಳು.

ವಿಷಯ ಇಷ್ಟೇ. ಲಕ್ವದಿಂದ ಮಾತು ಹೋದವರ ವಾರ್ಡಿನ ಪಕ್ಕದಲ್ಲಿ ಹಳೆಯ ಉಗ್ರಾಣವೊಂದಿತ್ತು. ವಾರ್ಡಿನ ವಾಕ್ ಚಿಕಿತ್ಸಕಿ ಅದನ್ನು ಗುಡಿಸಿ ತೊಳೆದು, ಗೋಡೆಗೆ ಹಲಗೆ ಹೊಡೆಸಿ, ಸೋಪು, ಬಾಚಣಿಗೆ, ದಾರದ ಉಂಡೆ, ಗುಂಡಿ, ಬೀಗ ಎಲ್ಲ ಜೋಡಿಸಿಟ್ಟು ಒಂದು ಅಂಗಡಿ ಮಾಡಿದ್ದಳು. ರೋಗಿಗಳೇ ಅಂಗಡಿಯವರು, ರೋಗಿಗಳೇ ಗಿರಾಕಿಗಳು. ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು, ಚೌಕಾಸಿ ಮಾಡಬೇಕು, ಬೈಸಿಕೊಳ್ಳಬೇಕು. ಮಾತನ್ನು ಚಿತ್ರ ತೋರಿಸಿ ಕಲಿಸುವುದಕ್ಕಿಂತ ಅಗತ್ಯಕ್ಕೆ ಸಿಕ್ಕಿಸಿ ಎಳೆಯಬೇಕು ಎಂಬುದು ಅವಳ ನಂಬಿಕೆ. ವಾರ್ಡಿನವರೆಲ್ಲ ಅವಳನ್ನು ಅಂಗಡಿ ಅಕ್ಕ ಎಂದೇ ಕರೆಯುತ್ತಿದ್ದರು. ಈಗ ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬರುವುದಿತ್ತು. ಅದಕ್ಕೆ ಕಾಯುವವರು ಕೂರಲು ಜಾಗ ಬೇಕಿತ್ತು. ಅಧೀಕ್ಷಕರ ಕಣ್ಣು ಉಗ್ರಾಣದ ಮೇಲೆ ಬಿದ್ದಿತ್ತು.

ಮಾತೇ ಇಲ್ಲದವರಿಗೆ ಪ್ರಶ್ನಾವಳಿ ಓದಿ ಹೇಳಿದ್ದು ಮೊದಲ ದಿನದ ಕಥೆಯಾಯಿತು. ಎರಡನೆಯ ಸಲ ಅವಳು ಹಾಳೆಗಳನ್ನು ಮನೆಯವರ ಕೈಗೆ ಕೊಟ್ಟಳು. ಎಲ್ಲ ಸಲೀಸಾಗಿ ತುಂಬಿ ಬಂದವು. ಊಟ ಚೆನ್ನಾಗಿದೆ, ಹಾಸಿಗೆ ಚೆನ್ನಾಗಿದೆ, ಅಂಗಡಿ ಚೆನ್ನಾಗಿದೆ; ವಾರದಿಂದ ನೀರು ಬಾರದ ಸ್ನಾನದ ಮನೆಯೂ ಚೆನ್ನಾಗಿದೆ. ಅವಳು ಆ ಕಂತೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರವಿಕೊಂಡು ಕೂತಾಗ ಅಪ್ಪ ಕನ್ನಡಕ ಏರಿಸಿ ಒಂದೆರಡು ಹಾಳೆ ನೋಡಿದರು. ಬ್ಯಾಂಕಿನವರು ಫೋನ್ ಮಾಡಿ ನಮ್ಮ ಸೇವೆ ಹೇಗಿದೆ ಎಂದು ಕೇಳಿದಾಗ ತಾವೂ ಪ್ರತಿ ಸಲ ಬಹಳ ಚೆನ್ನಾಗಿದೆ ಎನ್ನುವುದಾಗಿಯೂ, ಹಾಗೆಂದರೆ ಬೇಗ ಫೋನ್ ಇಡುತ್ತಾರೆಂದೂ ಹೇಳಿದರು. ಇನ್ನು ಮಂಚದ ಮೇಲೆ ಮನೆಯ ಮನುಷ್ಯ ಮಲಗಿರುವಾಗ ಆಸ್ಪತ್ರೆಯನ್ನು ಬೈದು ಬರೆಯುವ ಧೈರ್ಯ ಯಾರಿಗಿರುತ್ತೆ ಎಂದೂ ಕೇಳಿದರು. ಒಂದೇ ವಾರದಲ್ಲಿ ಇಡೀ ವಾರ್ಡನ್ನು ವಿಚಾರಿಸಿ ಮುಗಿಸಬಹುದು ಎನ್ನುವುದು ಸಮೀಕ್ಷೆಯ ಗುಣ ಎಂದು ಅವಳು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಳೋ. ಮುಗಿಸಿದ್ದೇನೋ ನಿಜ. ಕೈಗೆ ಸಿಕ್ಕಿದ್ದೇನು?

ವರದಿ ಬರೆದು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ವಿಭಾಗದ ಹಿರಿಯರು ಹಾಗೇ ಸಲಹೆ ಕೊಟ್ಟರು. ಅವಳು ಮರುದಿನದಿಂದ ಉಗ್ರಾಣದ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು.

ಮೊದಮೊದಲು ಅಲ್ಲಿ ಎಲ್ಲವೂ ನಾಟಕ. ವಾರ್ಡಿನ ಕೆಲಸದ ಆಯಾ, ರೋಗಿಗಳನ್ನು “ಬನ್ನಿ ದೊಡ್ಡಪ್ಪ, ಕೂತ್ಕೊಳ್ಳಿ ದೊಡ್ಡಪ್ಪ” ಎಂದು ಜೇನಿನಂಥ ದನಿಯಲ್ಲಿ ಕರೆತರುತ್ತಿದ್ದಳು. ಅಂಗಡಿ ಅಕ್ಕನೂ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಳು. ರೋಗಿಗಳು ಹೊಸ ಮುಖ ಕಂಡು ಸೆಟೆದು ಕೂತರು. ಬರುತ್ತಿದ್ದ ಒಂದೆರಡು ಮಾತೂ ಗಂಟಲಲ್ಲೇ ನಿಂತಿತು. ಉಪನ್ಯಾಸಕಿ ಏನೂ ಬರೆದುಕೊಳ್ಳದೆ ಸುಮ್ಮನೆ ಬಂದು ಹೋಗತೊಡಗಿದಳು. ದಿನ ಕಳೆದ ಹಾಗೆ ಅವಳು ಬಾಗಿಲ ಹಿಂದಿನ ಪೊರಕೆಯಷ್ಟೇ ಆ ಕೋಣೆಗೆ ಒಗ್ಗಿಹೋದಳು. ಆಯಾ ಮೊದಲಿನಂತೆ ಗದರತೊಡಗಿದಳು. ಅಕ್ಕನ ಕೋಟು ಮೊಳೆಗೆ ಹೋಯಿತು. ಆಮೇಲೆ ಅಂಗಡಿ ಕಾಣಿಸತೊಡಗಿತು.

ನಿವೃತ್ತ ಗಣಿತದ ಟೀಚರ್ ಒಬ್ಬರು ಅಲ್ಲಿನ ಗಲ್ಲಾಪೆಟ್ಟಿಗೆ ಹಿಂದೆ ಕೂರುತ್ತಿದ್ದರು. ಬಂದಾಗ ಅವರ ಬಾಯಲ್ಲಿ ಬರೀ “ತ, ತ, ತ” ಇತ್ತಂತೆ. ಈಗ ಅವರು ದಾರದ ಉಂಡೆಯನ್ನು ತೊದಲಿ ಕೇಳಿದವನ ಕೈಗೆ ಬೀಗ ಕೊಟ್ಟು, “ಸರಿಯಾಗಿ ಕೇಳು, ಸರಿಯಾಗಿ ಕೊಡ್ತೀನಿ” ಎನ್ನುವಷ್ಟರ ಮಟ್ಟಿಗೆ ಗೆಲುವಾಗಿದ್ದರು. ಅವರನ್ನು ನೋಡಿದ ಮೇಲೆ ಉಪನ್ಯಾಸಕಿಗೆ ಅನುಮಾನ ಉಳಿಯಲಿಲ್ಲ. ಟೀಚರ ರೋಗದ ಇತಿಹಾಸ, ಮನೆಯವರ ಮಾತು, ತಿಂಗಳು ತಿಂಗಳಿನ ಧ್ವನಿಮುದ್ರಣ ಎಲ್ಲ ಕಲೆಹಾಕಿ, ಅಂಗಡಿ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಅಧೀಕ್ಷಕರ ಕೋಣೆಗೆ ಹೋದಳು.

ಅಧೀಕ್ಷಕರು ಪೂರ್ತಿ ಕೇಳಿದರು. ಧ್ವನಿಮುದ್ರಣವನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು. ಕೇಳುವಾಗ ಅವರ ಮುಖ ಸಡಿಲವಾದದ್ದನ್ನು ಇಬ್ಬರೂ ಗಮನಿಸಿದರು. ಆದರೆ ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ಇದು ಒಬ್ಬರ ಕಥೆ. ಕೇಳಿದರೆ ಕಣ್ಣಲ್ಲಿ ನೀರು ಬರುತ್ತೆ, ಒಪ್ಪಿಕೊಳ್ತೀನಿ. ಆದರೆ ಲಕ್ವ ಹೊಡೆದ ಮೊದಲ ವರ್ಷದಲ್ಲಿ ಎಷ್ಟೋ ಜನಕ್ಕೆ ಮಾತು ತಾನಾಗೇ ಬರುತ್ತೆ. ಈ ಟೀಚರಿಗೆ ಅಂಗಡಿ ಇಲ್ಲದಿದ್ದರೂ ಬರ್ತಿತ್ತೋ ಏನೋ, ಹೇಗೆ ಹೇಳ್ತೀರಿ?”

ಅಂಗಡಿಗೆ ಹೆಚ್ಚು ಬಂದವರೇ ಹೆಚ್ಚು ಸುಧಾರಿಸಿದ್ದಾರೆ ಎಂದು ಅಂಗಡಿ ಅಕ್ಕ ಹೇಳಿದಳು. ಹೆಚ್ಚು ಚೈತನ್ಯ ಇದ್ದವರೇ ಹೆಚ್ಚು ಬಂದಿರಬಹುದಲ್ಲ, ಎಂದು ಅವರು ಕೇಳಿದರು. ಅಕ್ಕನ ಮುಖ ಕೆಂಪಾಯಿತು. ಉಪನ್ಯಾಸಕಿಗೆ ಮಾತ್ರ ವಿಚಿತ್ರವಾದ ಹುರುಪು ಬಂತು. ಈ ಎರಡು ಪ್ರಶ್ನೆಗಳನ್ನು ಅವಳ ತರಗತಿಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

“ಹಾಗಿದ್ದರೆ ಪ್ರಯೋಗ ಮಾಡ್ತೀನಿ. ಸೋತರೆ ಉಗ್ರಾಣ ನೀವೇ ತಗೊಳ್ಳಿ,” ಎಂದಳು.

ಯಂತ್ರ ಬರುವುದು ಹೇಗೂ ತಡವಿತ್ತು. ಅಧೀಕ್ಷಕರು ಒಪ್ಪಿದರು.

ಒಪ್ಪದವಳು ಅಂಗಡಿ ಅಕ್ಕ. ಕ್ಯಾಂಟೀನಿನಲ್ಲಿ ಚಹಾ ತಣ್ಣಗಾದ ಮೇಲೆ ಬಾಯಿಬಿಟ್ಟಳು. ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಅಂಗಡಿ ಬಾಗಿಲು ಮುಚ್ಚುವುದೆಂದರೆ ಹಸಿದವರನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ ಎಂದಳು. ಇವರೇನು ಇಲಿಗಳಾ ಎಂದೂ ಕೇಳಿದಳು. ಉಪನ್ಯಾಸಕಿ ಸಮಾಧಾನವಾಗಿ ವಿವರಿಸಿದಳು. ಇನ್ನೂ ಅಂಗಡಿಗೆ ಕಾಲಿಡದ ಹೊಸಬರನ್ನಷ್ಟೇ ತೆಗೆದುಕೊಳ್ಳುವುದು. ಉಗ್ರಾಣದಲ್ಲಿ ಹೇಗೂ ಎಲ್ಲರಿಗೂ ಒಟ್ಟಿಗೆ ಜಾಗವಿಲ್ಲ. ಯಾರು ಮೊದಲು ಎನ್ನುವುದನ್ನು ಇದುವರೆಗೆ ಅಕ್ಕನ ಮನಸ್ಸು ತೀರ್ಮಾನಿಸುತ್ತಿತ್ತು, ಇನ್ನು ಚೀಟಿ ತೀರ್ಮಾನಿಸುತ್ತೆ. ಕಾಯುವವರಿಗೂ ಅಷ್ಟೇ ಹೊತ್ತು ಅಕ್ಕನೇ ವಾರ್ಡಿನಲ್ಲಿ ಚಿತ್ರ ತೋರಿಸಿ ಹೆಸರು ಹೇಳಿಸುವ ಹಳೆಯ ಅಭ್ಯಾಸ ಮಾಡಿಸುವುದು. ಮೊದಲ ಗುಂಪು ಮುಗಿದ ಮೇಲೆ ಅವರ ಸರದಿ, ಫಲಿತಾಂಶ ಏನೇ ಬರಲಿ. ಅಂಗಡಿ ಅಕ್ಕ ಚಹಾದ ಮೇಲಿನ ಕೆನೆಯನ್ನು ಚಮಚದಿಂದ ತೆಗೆದು ಬದಿಗಿಟ್ಟು, ಸರಿ ಎಂದಳು. ದನಿಯಲ್ಲಿ ಸರಿ ಇರಲಿಲ್ಲ.

ಚೀಟಿ ಎತ್ತುವ ದಿನ ವಾರ್ಡಿನ ನಡುವೆ ಮೇಜು ಹಾಕಿ, ಅಡುಗೆಮನೆಯಿಂದ ತಂದ ಸ್ಟೀಲ್ ಪಾತ್ರೆಯನ್ನು ಅಧೀಕ್ಷಕರೇ ಹಿಡಿದು ನಿಂತರು. ಒಂದೊಂದು ಚೀಟಿಯಲ್ಲಿ ‘ಈಗ’ ಅಥವಾ ‘ಆಮೇಲೆ’ ಎಂದು ಬರೆದಿತ್ತು. ಸಮ್ಮತಿ ಕೊಟ್ಟ ರೋಗಿಗಳು ತಾವೇ ಕೈ ಹಾಕಿ ಎತ್ತಬೇಕು. ಹರಾಜು ಕೂಗುತ್ತಿದ್ದ ಯಜಮಾನ ಎಡಗೈಯಿಂದ ಚೀಟಿ ಎತ್ತಿದ. ಅಕ್ಷರಗಳೂ ಈಗ ಅವನಿಗೆ ಗುರುತು ಸಿಗುತ್ತಿರಲಿಲ್ಲ. ಹೆಂಡತಿಯ ಕೈಗೆ ಕೊಟ್ಟು ಅವಳ ಮುಖ ನೋಡಿದ. ಮುಖ ನೋಡಿಯೇ ಗೊತ್ತಾಯಿತು. “ಹೌದು,” ಎಂದು ಮೆಲ್ಲಗೆ ಹೇಳಿ ಮಂಚಕ್ಕೆ ವಾಪಸು ಹೋದ.

ಸಂಜೆ ಹೆಂಡತಿ ಉಪನ್ಯಾಸಕಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರ ತಡೆದಳು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದಿದ್ದಳು.

“ಒಂದು ಚೀಟಿ ಬದಲಾಯಿಸಿದರೆ ಯಾರಿಗೆ ಗೊತ್ತಾಗುತ್ತೆ ಮೇಡಂ? ಇವರು ಮಾತಿಂದಲೇ ಬದುಕಿದೋರು. ಮಾತಿಲ್ಲದೆ ಇವರಿಗೆ ಏನಿದೆ?”

“ನನಗೆ ಗೊತ್ತಾಗುತ್ತಲ್ಲಮ್ಮ. ಇವರಿಗೆ ಅಂತ ಒಂದು ಬದಲಾಯಿಸಿದರೆ ನಾಳೆ ಇನ್ನೊಬ್ಬರಿಗೆ ಅಂತ ಇನ್ನೊಂದು. ಆಮೇಲೆ ಯಾರು ನಂಬ್ತಾರೆ?” ಉಪನ್ಯಾಸಕಿ ನಿಜವನ್ನೇ ಹೇಳಿದಳು. “ಅಂಗಡಿಯಿಂದ ಅನುಕೂಲ ಆಗುತ್ತೋ ಇಲ್ವೋ ನನಗೆ ನಿಜವಾಗಲೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಚೀಟಿ ಎತ್ತಿಸ್ತಿರಲಿಲ್ಲ.”

“ನಿಮಗೆ ಗೊತ್ತಿಲ್ಲ,” ಎಂದಳು ಹೆಂಡತಿ. “ನನಗೆ ಗೊತ್ತು.”

ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಮುಂದೆ ಬಹಳ ದಿನ ಉಪನ್ಯಾಸಕಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಉಪನ್ಯಾಸಕಿ ಆ ಮಾತನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ತಿರುಗಿದಳು. ಅವಳು ಹೇಳಿದ್ದು ನಿಜವೇ ಆಗಿದ್ದರೆ? ಆದರೆ ಈ ವಾರ್ಡಿನಲ್ಲಿ ‘ನನಗೆ ಗೊತ್ತು’ ಎನ್ನುವವರು ಬೇಕಾದಷ್ಟಿದ್ದರು. ಅಷ್ಟರಿಂದ ಉಗ್ರಾಣ ಉಳಿಯುತ್ತಿರಲಿಲ್ಲ.

ಅಂಗಡಿ ನಡೆಯಿತು. ಒಳಗಿನಿಂದ ನಗು ಕೇಳಿಸಿದಾಗಲೆಲ್ಲ ಕಾಯುವ ಗುಂಪಿನವರು ವಾರ್ಡಿನಲ್ಲಿ ಚಿತ್ರದ ಕಾರ್ಡು ಹಿಡಿದುಕೊಂಡೇ ಆ ಕಡೆ ಕತ್ತು ಹೊರಳಿಸುತ್ತಿದ್ದರು. ಯಜಮಾನನ ಮುಂದೆ ಬಾಳೆಹಣ್ಣಿನ ಚಿತ್ರ ಹಿಡಿದರೆ ಹೌದು, ಬಕೆಟ್ಟಿನ ಚಿತ್ರ ಹಿಡಿದರೆ ಹೌದು. ಕಾರ್ಡು ಹಿಡಿದ ಅಂಗಡಿ ಅಕ್ಕನ ಕೈ ಸೋಲುತ್ತಿತ್ತು. ಆದರೂ ಅವಳು ಕಾಯುವವರಿಗೆ ಒಂದು ನಿಮಿಷವೂ ಕಡಿಮೆ ಮಾಡಲಿಲ್ಲ. ತನಗೆ ನಂಬಿಕೆಯಿಲ್ಲದ ಅಭ್ಯಾಸವನ್ನು ಅವಳು ಅಷ್ಟೇ ಮುತುವರ್ಜಿಯಿಂದ ಮಾಡಿಸಿದ್ದನ್ನು ನೋಡಿ ಉಪನ್ಯಾಸಕಿಗೆ ಅವಳ ಮೇಲೆ ಗೌರವ ಹುಟ್ಟಿತು.

ನಡುವೆ ಒಂದು ಅವಾಂತರವಾಯಿತು. ಎರಡೂ ಗುಂಪಿನವರಿಗೆ ಆಗಾಗ ಒಂದು ಅಡುಗೆಮನೆಯ ಚಿತ್ರ ತೋರಿಸಿ, ಏನು ನಡೆಯುತ್ತಿದೆ ಹೇಳಿ ಎಂದು ಕೇಳಿ, ಅವರ ಮಾತನ್ನು ಮುದ್ರಿಸಿಕೊಳ್ಳಬೇಕಿತ್ತು. ಆ ಕೆಲಸವನ್ನು ಉಪನ್ಯಾಸಕಿಯೇ ಮಾಡುತ್ತಿದ್ದಳು. ಒಂದು ಸಂಜೆ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ್ನು ಕೇಳುತ್ತ ಹೋಗುತ್ತಿದ್ದವಳಿಗೆ ರೋಗಿಗಳ ಬದಲು ತನ್ನದೇ ದನಿ ಕೇಳಿಸಿತು. ಅಂಗಡಿ ಗುಂಪಿನವರು ತಡವರಿಸಿದರೆ ಅವಳು “ಹ್ಞಾಂ, ಹೇಳಿ, ಬರ್ತಾ ಇದೆ, ಬರ್ತಾ ಇದೆ” ಎಂದು ಪುಸಲಾಯಿಸಿ ಕಾಯುತ್ತಿದ್ದಳು. ಕಾಯುವ ಗುಂಪಿನವರು ತಡವರಿಸಿದರೆ “ಆಯ್ತು, ಪರವಾಗಿಲ್ಲ” ಎಂದು ಮುಂದಕ್ಕೆ ಹೋಗುತ್ತಿದ್ದಳು. ಯಾವ ಮೋಸದ ಉದ್ದೇಶವೂ ಇರಲಿಲ್ಲ. ಗೆಲ್ಲಬೇಕೆಂಬ ಆಸೆ ತಾನಾಗಿ ನಾಲಿಗೆಗೆ ಇಳಿದುಬಿಟ್ಟಿತ್ತು. ಇದರ ಬಗ್ಗೆಯೂ ಅವಳು ಪಾಠ ಮಾಡಿದ್ದಳು, ಅದೂ ಉದಾಹರಣೆ ಸಮೇತ. ಅವಳು ತನ್ನ ಸ್ಟಾಪು ಬಂದರೂ ಇಳಿಯದೆ ಕೂತಳು.

ಮರುದಿನ ಆ ಧ್ವನಿಮುದ್ರಣಗಳನ್ನೆಲ್ಲ ಲೆಕ್ಕದಿಂದ ಕೈಬಿಟ್ಟಳು. ಹಲ್ಲಿನ ವಿಭಾಗಕ್ಕೆ ಹೋಗಿ ಇನ್ನು ಮಾತು ಮುದ್ರಿಸಿಕೊಳ್ಳುವ ಕೆಲಸ ಮಾಡಿಕೊಡಿ ಎಂದು ಅಲ್ಲಿನ ಸಹಾಯಕಿಯನ್ನು ಕೇಳಿಕೊಂಡಳು. ಆಕೆಗೆ ಅಂಗಡಿಯ ಸುದ್ದಿಯೂ ಗೊತ್ತಿಲ್ಲ, ಚೀಟಿಯ ಸುದ್ದಿಯೂ ಗೊತ್ತಿಲ್ಲ. ಬಾಯಿ ತೆರೆದವರನ್ನು ತಾನು ಮಾತಾಡಿಸುವುದೇ ಇಲ್ಲ, ಈಗ ಮಾತಾಡಿಸಿ ಎನ್ನುತ್ತೀರಲ್ಲ ಎಂದು ನಕ್ಕು ಆಕೆ ಒಪ್ಪಿಕೊಂಡಳು. ಯಾರು ಎಷ್ಟೇ ತಡವರಿಸಲಿ ಗಡಿಯಾರ ನೋಡಿಕೊಂಡು ಒಂದೇ ಸಮ ಕಾಯಬೇಕು ಎನ್ನುವುದಷ್ಟೇ ಅವಳಿಗೆ ಕೊಟ್ಟ ಸೂಚನೆ. ಕೊನೆಯ ಧ್ವನಿಮುದ್ರಣಗಳು ಬೇರೊಂದು ಊರಿನ ಕಾಲೇಜಿನ ಇಬ್ಬರು ಅಧ್ಯಾಪಕರಿಗೆ ಹೋದವು. ಅವರಿಗೂ ಯಾವ ದನಿ ಯಾವ ಗುಂಪಿನದು ಎಂದು ಹೇಳಿರಲಿಲ್ಲ. ಮಾತು ಎಷ್ಟು ತಿಳಿಯುತ್ತದೆ ಎಂದು ಅಂಕ ಕೊಡುವುದಷ್ಟೇ ಅವರ ಕೆಲಸ.

ಅಂಕಗಳು ಬಂದದ್ದು ಒಂದು ಮಧ್ಯಾಹ್ನ. ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಜಿನವರು ರಜೆ ಮಂಜೂರಾಗದ್ದಕ್ಕೆ ಪ್ರಾಂಶುಪಾಲರನ್ನು ಬೈಯುತ್ತಿದ್ದರು. ಉಪನ್ಯಾಸಕಿ ಕಂಪ್ಯೂಟರಿನಲ್ಲಿ ಅಂಕಗಳನ್ನು ಗುಂಪುಗಳ ಎದುರು ಜೋಡಿಸಿದಳು. ತೆರೆಯ ಮೇಲೆ ಎರಡು ಕಂಬ ಎದ್ದು ನಿಂತವು. ಕಾಯುವ ಗುಂಪಿನದು ಅಂಗಡಿ ಗುಂಪಿನದರ ಭುಜಕ್ಕೆ ಮಾತ್ರ ಬರುತ್ತಿತ್ತು. ಅವಳಿಗೆ ನಂಬಿಕೆ ಬರಲಿಲ್ಲ. ಹೆಸರುಗಳು ಅದಲುಬದಲಾಗಿವೆಯೇನೋ ಎಂದು ಮೊದಲಿನಿಂದ ಜೋಡಿಸಿದಳು. ಆಕಸ್ಮಿಕವಾಗಿ ಇಷ್ಟು ಅಂತರ ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿಸಿದಳು. ಕಂಬಗಳು ಅಲ್ಲೇ ಇದ್ದವು. ಒಬ್ಬ ಟೀಚರ ಕಥೆಯಲ್ಲ, ಚೈತನ್ಯ ಇದ್ದವರ ಕಥೆಯಲ್ಲ, ಚೀಟಿ ಕಣ್ಣುಮುಚ್ಚಿ ಆರಿಸಿದವರ ಕಥೆ. ಅವಳು ಎದ್ದು ಹೋಗಿ ಲೋಟ ತುಂಬ ನೀರು ಕುಡಿದಳು, ಇನ್ನೊಂದು ಲೋಟ ಕುಡಿದಳು. ಪಕ್ಕದ ಮೇಜಿನವರು ಏನಾಯಿತು ಎಂದು ವಿಚಾರಿಸಿದಾಗ ನಿಮ್ಮ ರಜೆ ಮಂಜೂರಾಗಲಿ ಎಂದು ಹಾರೈಸಿ, ಚೀಲ ಹೆಗಲಿಗೇರಿಸಿಕೊಂಡು, ಮೆಟ್ಟಿಲುಗಳನ್ನು ಹುಡುಗಿಯಂತೆ ಇಳಿದುಹೋದಳು.

ಅಧೀಕ್ಷಕರು ಈ ಸಲವೂ ಬಿಡಲಿಲ್ಲ. ಅಂಗಡಿ ಗುಂಪಿಗೆ ಹೆಚ್ಚು ಗಮನ ಸಿಕ್ಕಿದ್ದರಿಂದ ಹೀಗಾಗಿರಬಹುದಲ್ಲ ಎಂದು ಕೇಳಿದರು. ಎರಡೂ ಗುಂಪಿಗೆ ಅದೇ ಅಕ್ಕ, ಅಷ್ಟೇ ಹೊತ್ತು ಎಂದು ಅವಳು ತೋರಿಸಿದಳು. ಸರಿ, ಬೇರೆ ಆಸ್ಪತ್ರೆಗಳಲ್ಲೂ ಹೀಗೇ ಆಗುತ್ತಾ? ಗೊತ್ತಿಲ್ಲ, ನಮ್ಮಲ್ಲಿ ಇದ್ದವರೇ ಕಡಿಮೆ ಜನ ಎಂದಳು. ಬಂದ ಮಾತು ನಿಲ್ಲುತ್ತಾ? ಗೊತ್ತಿಲ್ಲ, ಮುಂದಿನ ವರ್ಷ ಮತ್ತೆ ಅಳೆಯಬೇಕು. ಸೋಪು ಕೊಳ್ಳುವಾಗ ಬಂದ ಮಾತು ಮನೆಗೆ ಹೋದ ಮೇಲೂ ಬರುತ್ತಾ? ಅದೂ ಗೊತ್ತಿಲ್ಲ, ಮನೆಗಳಿಗೆ ಹೋಗಿ ಕೂತು ನೋಡಬೇಕು. ಅಂಗಡಿ ಅಕ್ಕ ಮೇಜಿನ ಕೆಳಗೆ ಅವಳ ಕಾಲನ್ನು ತುಳಿದಳು. ಗೆದ್ದ ಮೇಲೂ ಹೀಗೆ ಬಿಟ್ಟುಕೊಡುವುದೇ ಎಂಬುದು ಆ ತುಳಿತದ ಅರ್ಥ.

ಅಧೀಕ್ಷಕರು ವರದಿಯನ್ನು ಮುಚ್ಚಿದರು. “ಗೊತ್ತಿಲ್ಲ ಅಂತ ಇಷ್ಟು ಸಲ ಒಪ್ಪಿಕೊಂಡ ವರದಿ ನನ್ನ ಮೇಜಿಗೆ ಬಂದದ್ದು ಇದೇ ಮೊದಲು. ಅದಕ್ಕೇ ಗೊತ್ತಿದೆ ಅಂದಿರೋದನ್ನ ನಂಬ್ತೀನಿ.” ಆಮೇಲೆ ಫೋನ್ ಎತ್ತಿ, ಸ್ಕ್ಯಾನಿಂಗಿಗೆ ಕಾಯುವವರಿಗೆ ಮುಂದಿನ ವರಾಂಡಕ್ಕೆ ಶೀಟು ಹೊದಿಸಿ ಬೆಂಚು ಹಾಕಿಸಲು ಹೇಳಿದರು. ಫೋನ್ ಇಟ್ಟು, ಉಗ್ರಾಣದ ಪಕ್ಕದ ಗೋಡೆ ಒಡೆದರೆ ಅಂಗಡಿ ಎಷ್ಟು ದೊಡ್ಡದಾಗುತ್ತೆ ಎಂದು ಅಂಗಡಿ ಅಕ್ಕನನ್ನು ಕೇಳಿದರು. ಅವಳು ಎರಡೂ ಕೈ ಅಗಲಿಸಿ ತೋರಿಸಿದಳು.

ಕಾಯುವ ಗುಂಪಿನ ಸರದಿ ಆ ವಾರವೇ ಶುರುವಾಯಿತು. ಹರಾಜಿನ ಯಜಮಾನ ಕ್ಷೌರ ಮಾಡಿಸಿಕೊಂಡು ಬಂದ. ಹಲವು ದಿನ ಅಲ್ಲೂ ಹೌದೇ ಹೌದು. ಸೋಪು ಬೇಕಾ ಎಂದರೆ ಹೌದು, ಬಾಚಣಿಗೆ ಬೇಕಾ ಎಂದರೆ ಹೌದು. ಬೇಡದ ಸಾಮಾನೆಲ್ಲ ಅವನ ತೊಡೆಯ ಮೇಲೆ ರಾಶಿ ಬೀಳುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಡತಿ ನೋಡಲಾರದೆ ಹೊರಗೆ ಹೋಗಿಬಿಡುತ್ತಿದ್ದಳು. ವಾರ್ಡ್ ಬಿಟ್ಟ ಮೇಲೂ ಗಲ್ಲಾಪೆಟ್ಟಿಗೆ ಬಿಡದೆ ಬರುತ್ತಿದ್ದ ಗಣಿತದ ಟೀಚರ್ ಅವನಿಗೆ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಒಂದು ದಿನ ಒಂದು ಹಳೆಯ ಬೀಗವನ್ನು ಅವನ ಮುಂದಿಟ್ಟು, ಒಂದು ಮನೆ ಕೊಳ್ಳಬಹುದಾದಷ್ಟು ಬೆಲೆ ಹೇಳಿದರು.

“ಕೊಡ್ತೀರಾ?”

ಯಜಮಾನ ಬೀಗವನ್ನು ನೋಡಿದ. ಟೀಚರನ್ನು ನೋಡಿದ. ಬಾಯಿ ತೆರೆಯಿತು, ಹೌದಿನ ಆಕಾರ ತಾಳಿತು, ಹಾಗೇ ನಿಂತಿತು. ಕುತ್ತಿಗೆಯ ನರ ಉಬ್ಬಿತು. ಎಡಗೈ ಮೇಜನ್ನು ಗುದ್ದಿತು.

“ಬೇಡ,” ಎಂದ. ಉಗ್ರಾಣದ ಹಲಗೆಗಳು ಅದುರುವಂಥ ದನಿ. “ಜಾಸ್ತಿ!”

ಟೀಚರ್ ಚಪ್ಪಾಳೆ ತಟ್ಟುವ ಗೋಜಿಗೆ ಹೋಗದೆ, ಬೀಗವನ್ನು ಹಿಂದಕ್ಕೆ ಎಳೆದುಕೊಂಡು, “ಹಾಗಾದರೆ ನೀವೇ ಹೇಳಿ. ಎಷ್ಟು?” ಎಂದರು.

ಅಣೆಕಟ್ಟಿನ ತೂಬು ಎತ್ತಿದಂತೆ ಆಯಿತು. ಹತ್ತು ಎಂದ. ಹನ್ನೊಂದು ಎಂದ. ಟೀಚರ್ ಬಾಯಿ ತೆರೆಯುವ ಮೊದಲೇ ಹನ್ನೆರಡು, ಹದಿನೈದು, ಇಪ್ಪತ್ತು. ಜೀವಮಾನವೆಲ್ಲ ಬೆಲೆ ಏರಿಸಿದ ನಾಲಿಗೆಗೆ ಇಳಿಸುವುದು ಗೊತ್ತಿರಲಿಲ್ಲ. ಕೊಳ್ಳುವವನು ತಾನೇ ಎನ್ನುವುದನ್ನೂ ಮರೆತು ತನ್ನ ಮೇಲೆ ತಾನೇ ಏರಿಸುತ್ತ, ಎದ್ದು ನಿಂತು, ಎಡಗೈ ಬೀಸುತ್ತ ಮೂವತ್ತು, ಮೂವತ್ತೈದು, ನಲವತ್ತು ಎಂದು ಕೂಗಿದ. ವಾರ್ಡಿನ ಮಂಚಗಳ ಮೇಲಿದ್ದವರು ಎದ್ದು ಕೂತರು. ಆಯಾ ಕೈಯಲ್ಲಿದ್ದ ಬಕೆಟ್ಟಿನ ಸಮೇತ ಓಡಿ ಬಂದಳು. ಟೀಚರ್ ಕಣ್ಣಲ್ಲಿ ನೀರು ಸುರಿಯುವಷ್ಟು ನಗುತ್ತ ಬೀಗವನ್ನು ಅವನ ಕೈಗೆ ತುರುಕಿದರು. ಆಗ ಅವನಿಗೂ ಅರ್ಥವಾಯಿತು. ಕೈಯಲ್ಲಿನ ಬೀಗವನ್ನು ನೋಡಿ, ಮೀಸೆಯಡಿ ತುಟಿ ನಡುಗಿ, ಹೊಟ್ಟೆ ಕುಲುಕಿ ನಕ್ಕ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಅವಳು ಮೂಲೆಯ ಸ್ಟೂಲಿನ ಕಡೆ ನೋಡಿದಳು. ನೋಡಿ, ತಲೆಯನ್ನು ಒಂದಿಷ್ಟು ಬಾಗಿಸಿದಳು. ಉಪನ್ಯಾಸಕಿಯ ಕೈಯಲ್ಲಿ ಪೆನ್ನಿತ್ತು. ಏನು ಬರೆಯಬೇಕಿತ್ತೆಂದು ಅವಳಿಗೆ ನೆನಪಾಗಲಿಲ್ಲ.

ಮಾತು ಪೂರ್ತಿ ಬರಲಿಲ್ಲ. ಒಂದು ಮಾತು ಸಲೀಸಾಗಿ ಬಂದರೆ ಇನ್ನೊಂದು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆದರೂ ಯಜಮಾನ ಮನೆಗೆ ಹೋಗುವ ಹೊತ್ತಿಗೆ ಕಾಫಿಗೆ ಸಕ್ಕರೆ ಕಡಿಮೆ ಎಂದು ಹೇಳಬಲ್ಲವನಾಗಿದ್ದ. ವಾರಕ್ಕೊಮ್ಮೆ ಹೆಂಡತಿಯೊಂದಿಗೆ ಅಂಗಡಿಗೆ ಬಂದುಹೋಗುತ್ತಿದ್ದ.

ಅಂಥದ್ದೇ ಒಂದು ದಿನ ಮಧ್ಯಾಹ್ನ, ಮೋಡ ಕವಿದಿತ್ತು. ಉಪನ್ಯಾಸಕಿ ಆಸ್ಪತ್ರೆಯಿಂದ ಹೊರಟು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳು. ಫುಟ್‌ಪಾತಿನ ಮೇಲೆ ಸ್ವಲ್ಪ ಮುಂದೆ ಆ ಇಬ್ಬರೂ ಹೋಗುತ್ತಿದ್ದರು, ಹೆಂಡತಿ ಅವನ ಬಲಗಡೆಗೆ. ಇದ್ದಕ್ಕಿದ್ದಂತೆ ಯಜಮಾನ ನಿಂತುಬಿಟ್ಟ. ಹೆಂಡತಿಯ ಕೈ ನೋಡಿದ, ಅವಳ ಚೀಲ ನೋಡಿದ, ಮೇಲೆ ಆಕಾಶ ನೋಡಿದ. “ಅದು,” ಎಂದ. “ಅದು...” ಹೆಂಡತಿಯೂ ನಿಂತಳು. ಹಿಂದಿನಿಂದ ಬಂದವರು ಗೊಣಗುತ್ತ ಸುತ್ತು ಹಾಕಿ ಹೋದರು. ಒಂದು ಬಸ್ಸು ಬಂತು, ನಿಂತಿತು, ಅವರದೇ ಬಸ್ಸು, ಹೋಯಿತು. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

“ಛತ್ರಿ,” ಎಂದ ಯಜಮಾನ. “ಒಳಗೆ. ಮರೆತೆ ನೀನು.”

ಹೆಂಡತಿ ಹಣೆ ಚಚ್ಚಿಕೊಂಡಳು. ತಾನು ಮರೆತದ್ದಲ್ಲ, ಅವನೇ ಬೆಂಚಿನ ಮೇಲೆ ಬಿಟ್ಟದ್ದು ಎಂದು ಶುರುಮಾಡಿದಳು. ಅವನು ಅಲ್ಲ ಎಂದ. ಇಬ್ಬರೂ ವಾದಿಸುತ್ತಲೇ ಆಸ್ಪತ್ರೆಯ ಕಡೆ ವಾಪಸು ತಿರುಗಿದರು. ಉಪನ್ಯಾಸಕಿ ಗೋಡೆಗೆ ಒತ್ತಿ ನಿಂತು ಅವರಿಗೆ ದಾರಿ ಬಿಟ್ಟಳು. ಮೊದಲ ಹನಿಗಳು ಬೀಳತೊಡಗಿದ್ದವು. ಅವರು ಅವಳನ್ನು ಗಮನಿಸದೆ ಮುಂದೆ ಹೋದರು.